ಇದು ಇಲ್ಲಿಗೆ ಹೇಗೆ ಬಂತು ಅಂತ ಬರೆದು ಹಾಕಿ: ಪ್ರಾದೇಶಿಕ ಮ್ಯೂಸಿಯಂ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಪ್ರಾದೇಶಿಕ ಮ್ಯೂಸಿಯಂಗಳ ನಿರ್ದೇಶಕರಿಗೆ, ಕ್ಯುರೇಟರುಗಳಿಗೆ, ಲೇಬಲ್ ಬರೆಯುವವರಿಗೆ, ಇವರ ಕೆಲಸಕ್ಕೆ ದುಡ್ಡು ಮಂಜೂರು ಮಾಡುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಮ್ಯೂಸಿಯಂ ಕೆಲಸ ಬಲ್ಲವನಲ್ಲ, ಟಿಕೆಟ್ ತಗೊಂಡು ಒಳಗೆ ಬರುವ ಜನರಲ್ಲಿ ಒಬ್ಬ. ಹೊಸ ಊರಿಗೆ ಹೋದರೆ ಮೊದಲು ವಿಚಾರಿಸುವುದೇ ಅಲ್ಲಿ ಮ್ಯೂಸಿಯಂ ಎಲ್ಲಿದೆ ಅಂತ. ಅದರಲ್ಲೂ ರಾಜಧಾನಿಯ ದೊಡ್ಡ ಮ್ಯೂಸಿಯಂಗಿಂತ ನನಗೆ ಜಾಸ್ತಿ ಇಷ್ಟ ನಿಮ್ಮಂಥವು. ಒಂದು ಕೋಣೆಯಲ್ಲಿ ಕಲ್ಲು, ಮೂಳೆ, ಹಕ್ಕಿ, ಚಿಟ್ಟೆ. ಇನ್ನೊಂದರಲ್ಲಿ ನಾಣ್ಯ, ಶಾಸನ, ನೇಗಿಲು, ಕತ್ತಿ. ಮೆಟ್ಟಿಲು ಹತ್ತಿದರೆ ಚಿತ್ರಗಳು. ದೊಡ್ಡ ಊರುಗಳಲ್ಲಿ ಪ್ರಕೃತಿ ವಿಜ್ಞಾನಕ್ಕೆ ಒಂದು ಕಟ್ಟಡ ಇದ್ದರೆ ಚಿತ್ರಗಳಿಗೆ ಊರಿನ ಇನ್ನೊಂದು ತುದಿಯಲ್ಲಿ ಬೇರೆ ಕಟ್ಟಡ ಇರುತ್ತದೆ, ಎರಡನ್ನೂ ಒಂದೇ ದಿನ ನೋಡುವವರು ಕಡಿಮೆ. ನಿಮ್ಮಲ್ಲಿ ಒಂದು ಸೀಮೆಯ ನೆಲ, ನೀರು, ಜನ, ಅವರು ಮಾಡಿದ ಕೆಲಸ ಎಲ್ಲ ಒಂದೇ ಮಧ್ಯಾಹ್ನದಲ್ಲಿ ಕಣ್ಣಿಗೆ ಬೀಳುತ್ತದೆ.

ಇಷ್ಟು ಇಷ್ಟ ಇರುವುದರಿಂದಲೇ ಈ ಪತ್ರ. ನಾನು ಕೇಳುವುದು ಒಂದೇ ವಿಷಯ. ಎದುರಿಗೆ ಇಟ್ಟಿರುವ ವಸ್ತು ಇಲ್ಲಿಗೆ ಹೇಗೆ ಬಂತು ಅಂತ ಹೇಳಿ. ಎಲ್ಲಿ ಸಿಕ್ಕಿತು, ಯಾವಾಗ, ಯಾರ ಕೈಗೆ, ಆಮೇಲೆ ಯಾರ್‍ಯಾರ ಕೈ ದಾಟಿ ನಿಮ್ಮ ಗಾಜಿನ ಪೆಟ್ಟಿಗೆಗೆ ಸೇರಿತು. ಹೆಚ್ಚಿನ ಕಡೆ ಲೇಬಲ್ ಮೇಲೆ ಇರುವುದು ವಸ್ತುವಿನ ಹೆಸರು, ಪ್ರಾಣಿಯಾದರೆ ಅದರ ಲ್ಯಾಟಿನ್ ಹೆಸರು, ಇತಿಹಾಸದ್ದಾದರೆ ಒಂದು ಶತಮಾನ. ಅಷ್ಟು ಓದಿ ಮುಂದಿನ ಪೆಟ್ಟಿಗೆಗೆ ಹೋಗುತ್ತೇವೆ. ಹತ್ತು ಪೆಟ್ಟಿಗೆ ಆದಮೇಲೆ ಓದುವುದನ್ನೂ ಬಿಟ್ಟು ಸುಮ್ನೆ ನಡೆಯುತ್ತೇವೆ.

ಒಂದು ಮ್ಯೂಸಿಯಂನಲ್ಲಿ ನೋಡಿದ್ದನ್ನು ಹೇಳುತ್ತೇನೆ, ಅದರ ಹೆಸರು ಬೇಡ. ಸಾಲಾಗಿ ಹಕ್ಕಿಗಳನ್ನು ಇಟ್ಟಿದ್ದರು. ಅದರಲ್ಲೊಂದು ಚಿಕ್ಕ ಕಂದು ಹಕ್ಕಿ, ಎದೆಯ ಪುಕ್ಕ ಉದುರಿ ಒಳಗಿನ ಹತ್ತಿ ಕಾಣುತ್ತಿತ್ತು. ಮುಂದೆ ಅಚ್ಚು ಹಾಕಿದ ಲೇಬಲ್, ಎರಡು ಹೆಸರು ಅಷ್ಟೇ. ಆದರೆ ಹಕ್ಕಿಯ ಕಾಲಿಗೆ ದಾರದಿಂದ ಕಟ್ಟಿದ ಒಂದು ಹಳೇ ಕಾಗದದ ಚೀಟಿ ಇತ್ತು. ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು, ಅಕ್ಷರ ಓರೆಯಾಗಿ, ಒತ್ತಾಗಿತ್ತು. ಚೀಟಿ ಹಿಂದಕ್ಕೆ ತಿರುಗಿದ್ದರಿಂದ ಗಾಜಿಗೆ ಹಣೆ ತಾಗಿಸಿ ನೋಡಿದರೂ ಅರ್ಧ ಮಾತ್ರ ಓದಲು ಆಯಿತು. ಒಂದು ತಿಂಗಳ ಹೆಸರು, ಒಂದು ಹೊಳೆಯ ಹೆಸರಿನ ಕೊನೆ ಅಕ್ಷರಗಳು. ಯಾರೋ ಆ ಹಕ್ಕಿ ಕೈಯಲ್ಲಿ ಹಿಡಿದ ದಿನವೇ ಕೂತು ಬರೆದದ್ದು ಅದು. ನನಗೆ ಬೇಕಾದ ಎಲ್ಲ ವಿವರ ಅದರಲ್ಲೇ ಇತ್ತು, ಗೋಡೆ ಕಡೆ ಮುಖ ಮಾಡಿಕೊಂಡು. ನಿಮ್ಮಲ್ಲಿ ಕೆಲಸ ಮಾಡುವವರಿಗೆ ಆ ಚೀಟಿಯ ಬೆಲೆ ನನಗಿಂತ ಚೆನ್ನಾಗಿ ಗೊತ್ತು. ಜಾಗ, ತಾರೀಕು ಇಲ್ಲದ ಹಕ್ಕಿ ವಿಜ್ಞಾನಿಗೆ ಹೆಚ್ಚು ಕಡಿಮೆ ಅಲಂಕಾರದ ವಸ್ತು ಅಷ್ಟೇ. ಹಾಗಿದ್ದ ಮೇಲೆ ನಮ್ಮ ಮುಂದೆ ಇಡುವಾಗ ಅದನ್ನೇ ಯಾಕೆ ಬಚ್ಚಿಡುತ್ತೀರಿ?

ಪ್ರಾದೇಶಿಕ ಮ್ಯೂಸಿಯಂ ಅಂದರೆ ಚಿಕ್ಕದು, ಅಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ ಅಂತ ನಿಮ್ಮವರೇ ಕೆಲವರು ಹೇಳುವುದನ್ನು ಕೇಳಿದ್ದೇನೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. 20ನೇ ಶತಮಾನದ ಪ್ರಾಣಿ ವಿಜ್ಞಾನದ ಅತಿ ದೊಡ್ಡ ಅಚ್ಚರಿಗಳಲ್ಲಿ ಒಂದು ಬಂದದ್ದು ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಅನ್ನುವ ಬಂದರು ಊರಿನ ಚಿಕ್ಕ ಮ್ಯೂಸಿಯಂನಿಂದ. 1938ರ ಡಿಸೆಂಬರ್ 22. ಮ್ಯೂಸಿಯಂನ ಕ್ಯುರೇಟರ್ ಮಾರ್ಜೊರಿ ಕೋರ್ಟ್ನಿ-ಲ್ಯಾಟಿಮರ್ ಅವರಿಗೆ ಬಂದರಿನ ಮೀನು ದೋಣಿಗಳ ಪರಿಚಯ ಇತ್ತು. ವಿಚಿತ್ರವಾದದ್ದು ಏನಾದರೂ ಬಲೆಗೆ ಬಿದ್ದರೆ ಅವರಿಗೆ ಹೇಳಿ ಕಳಿಸುವುದು ರೂಢಿ. ಆ ದಿನ ಹೆಂಡ್ರಿಕ್ ಗೂಸೆನ್ ಅನ್ನುವ ಕ್ಯಾಪ್ಟನ್ ತಂದ ಮೀನಿನ ರಾಶಿಯ ಕೆಳಗೆ ಒಂದು ನೀಲಿ ರೆಕ್ಕೆ ಕಾಣಿಸಿತು. ಮೇಲಿನದನ್ನೆಲ್ಲ ಸರಿಸಿ ನೋಡಿದರೆ ಸುಮಾರು ಒಂದೂವರೆ ಮೀಟರ್ ಉದ್ದದ, 57 ಕಿಲೋ ತೂಕದ ಮೀನು, ಕೈಕಾಲಿನ ಹಾಗೆ ದಪ್ಪ ಬುಡ ಇರುವ ರೆಕ್ಕೆಗಳು. ಅದನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಮ್ಯೂಸಿಯಂಗೆ ತಂದರು. ಡಿಸೆಂಬರ್ ಅಂದರೆ ಅಲ್ಲಿ ಬೇಸಿಗೆ. ಶವಾಗಾರದವರನ್ನು ಕೇಳಿದರು, ಕೋಲ್ಡ್ ಸ್ಟೋರೇಜಿನವರನ್ನು ಕೇಳಿದರು, ಯಾರೂ ಇಟ್ಟುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಚರ್ಮ ಬಿಡಿಸಿ ತುಂಬಿಸಬೇಕಾಯಿತು, ಒಳಗಿನ ಭಾಗಗಳೆಲ್ಲ ಹೋದವು. ಆದರೆ ಅವರು ಮೀನಿನ ಒಂದು ಚಿತ್ರ ಬರೆದು, ವಿವರ ಬರೆದು, ಜೆ. ಎಲ್. ಬಿ. ಸ್ಮಿತ್ ಅನ್ನುವ ಮೀನು ತಜ್ಞರಿಗೆ ಪತ್ರ ಹಾಕಿದ್ದರು. ಅದು ಸೀಲಕ್ಯಾಂತ್. ಡೈನೋಸಾರ್‌ಗಳ ಜೊತೆಗೇ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನಾಶ ಆಯಿತು ಅಂತ ಎಲ್ಲರೂ ನಂಬಿದ್ದ ಗುಂಪಿನ ಮೀನು. ಇನ್ನೊಂದು ಸಿಗಲು 1952ರ ತನಕ ಕಾಯಬೇಕಾಯಿತು.

ಆ ಮೀನಿಗೆ ಇಟ್ಟ ಹೆಸರು ಲ್ಯಾಟಿಮೇರಿಯಾ ಚಾಲುಮ್ನೆ. ಮೊದಲ ಪದ ಆ ಕ್ಯುರೇಟರ್ ಹೆಸರಿನಿಂದ ಬಂದದ್ದು, ಎರಡನೆಯದು ಮೀನು ಸಿಕ್ಕಿದ ಜಾಗದ ಹತ್ತಿರ ಸಮುದ್ರ ಸೇರುವ ಚಾಲುಮ್ನಾ ನದಿಯದು. ಯಾರು ಗುರುತಿಸಿದರು, ಎಲ್ಲಿ ಸಿಕ್ಕಿತು ಎರಡೂ ಹೆಸರಿನಲ್ಲೇ ಬಂದುಬಿಟ್ಟವು. ಮೀನು ಇವತ್ತಿಗೂ ಅದೇ ಮ್ಯೂಸಿಯಂನಲ್ಲಿದೆ. ಅದರ ಮುಂದೆ ಸುಮ್ನೆ "ಸೀಲಕ್ಯಾಂತ್" ಅಂತ ಮಾತ್ರ ಬರೆದಿಟ್ಟಿದ್ದರೆ ನೋಡುವವರಿಗೆ ಏನು ತಿಳಿಯುತ್ತಿತ್ತು? ಒಂದು ಒಣಗಿದ ದೊಡ್ಡ ಮೀನು ಅಷ್ಟೇ. ಆ ಟ್ಯಾಕ್ಸಿ, ಆ ಬೇಸಿಗೆ, ಬಾಗಿಲು ಮುಚ್ಚಿದ ಶವಾಗಾರ ಇಷ್ಟೂ ಗೊತ್ತಾದರೆ ಚಿಕ್ಕ ಮಕ್ಕಳೂ ಅಲ್ಲಿಂದ ಕದಲುವುದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಆದದ್ದೂ ಇದೆ. ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಟ್ಯಾಸ್ಮೇನಿಯಾ ಅನ್ನುವ ದ್ವೀಪ ರಾಜ್ಯದ ಮ್ಯೂಸಿಯಂ ಇದೆ, ನಿಮ್ಮ ಹಾಗೇ ಕಲೆ, ಇತಿಹಾಸ, ಪ್ರಕೃತಿ ವಿಜ್ಞಾನ ಮೂರೂ ಅದರಲ್ಲಿವೆ. ಥೈಲಸೀನ್ ಅಂದರೆ ಬೆನ್ನ ಮೇಲೆ ಪಟ್ಟೆ ಇದ್ದ, ನೋಡಲು ನಾಯಿಯ ಹಾಗಿದ್ದ, ಹೊಟ್ಟೆಚೀಲದಲ್ಲಿ ಮರಿ ಸಾಕುತ್ತಿದ್ದ ಪ್ರಾಣಿ. ಜನ ಅದನ್ನು ಟ್ಯಾಸ್ಮೇನಿಯಾದ ಹುಲಿ ಅನ್ನುತ್ತಿದ್ದರು. ಮನುಷ್ಯರ ಲೆಕ್ಕಕ್ಕೆ ಸಿಕ್ಕ ಕೊನೆಯ ಥೈಲಸೀನ್ 1936ರ ಸೆಪ್ಟೆಂಬರ್ 7ರಂದು ಅದೇ ಊರಿನ ಮೃಗಾಲಯದಲ್ಲಿ ಸತ್ತಿತು. ಅದರ ದೇಹ ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರಲಿಲ್ಲ, ಬಿಸಾಡಿರಬೇಕು ಅಂದುಕೊಂಡಿದ್ದರು. 2022ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ದೇಹ ಅದೇ ಊರಿನ ಆ ಮ್ಯೂಸಿಯಂನ ಕಪಾಟಿನಲ್ಲೇ ಇತ್ತು. ಉರುಲು ಹಾಕಿ ಹಿಡಿಯುವುದು ಕಾನೂನಿಗೆ ವಿರುದ್ಧ ಆಗಿದ್ದರಿಂದ ಅದನ್ನು ಹಿಡಿದು ಮಾರಿದ್ದನ್ನೇ ಯಾರೂ ಬಾಯಿ ಬಿಟ್ಟಿರಲಿಲ್ಲ. ಮ್ಯೂಸಿಯಂಗೆ ಬಂದ ಮೇಲೆ ಅದು ಪ್ರಾಣಿ ವಿಭಾಗದ ಪಟ್ಟಿಗೆ ಸರಿಯಾಗಿ ಸೇರಲಿಲ್ಲ. ಪಾಠಕ್ಕೆ ಬಳಸುವ ವಸ್ತುಗಳ ಜೊತೆ ಸೇರಿತು. ಆ ಚರ್ಮವನ್ನು ಊರೂರಿಗೆ ಒಯ್ದು ತೋರಿಸಿದ್ದರು. ಇದೇ ಕೊನೆಯದು ಅಂತ ತೋರಿಸಿದವರಿಗೂ ಗೊತ್ತಿಲ್ಲ, ನೋಡಿದವರಿಗೂ ಗೊತ್ತಿಲ್ಲ. ಗುಟ್ಟು ಒಡೆದದ್ದು ಯಾವುದರಿಂದ? ಅಲ್ಲಿ ಪ್ರಾಣಿಗಳ ಚರ್ಮ ಹದ ಮಾಡುತ್ತಿದ್ದ ಕೆಲಸಗಾರ ಆ ವರ್ಷ ಬರೆದಿಟ್ಟಿದ್ದ ಕೆಲಸದ ವರದಿಯಿಂದ, ಅದರಲ್ಲಿ ಥೈಲಸೀನ್ ಅಂತ ಬರೆದಿದ್ದರಿಂದ. ಒಂದು ಜೀವಜಾತಿಯ ಕಟ್ಟಕಡೆಯ ಪ್ರಾಣಿ 80 ವರ್ಷಕ್ಕೂ ಮೇಲೆ ಮನೆಯೊಳಗೇ ಇದ್ದು ಕಳೆದುಹೋಗಿತ್ತು. ಆ ಮ್ಯೂಸಿಯಂ ಇದನ್ನು ಮುಚ್ಚಿಡಲಿಲ್ಲ, ಎಲ್ಲರಿಗೂ ಹೇಳಿತು, ಆ ಅವಶೇಷಗಳನ್ನು ಜನರ ಮುಂದೆ ಇಟ್ಟಿತು. ಅದಕ್ಕೆ ನನ್ನ ಗೌರವ ಇದೆ.

ಎಲ್ಲಿಂದ, ಯಾವಾಗ ಅನ್ನುವ ಎರಡು ಸಾಲು ಎಷ್ಟು ದೂರದ ಉಪಯೋಗಕ್ಕೆ ಬರುತ್ತದೆ ಅಂತ ನಮ್ಮಂಥ ನೋಡುಗರಿಗೆ ಯಾರೂ ಹೇಳುವುದಿಲ್ಲ. ಇದು ನಿಮ್ಮ ಗ್ಯಾಲರಿಯಲ್ಲೇ ಇರಬೇಕಾದ ಕಥೆ. ಬ್ರಿಟನ್ನಿನಲ್ಲಿ ಡೆರೆಕ್ ರ್‍ಯಾಟ್‌ಕ್ಲಿಫ್ ಅನ್ನುವವರು ಪೆರಿಗ್ರೀನ್ ಡೇಗೆ ಅನ್ನುವ ಬೇಟೆ ಹಕ್ಕಿಗಳ ಮೊಟ್ಟೆ ಗೂಡಿನಲ್ಲೇ ಒಡೆದುಹೋಗುವುದನ್ನು ಗಮನಿಸಿದರು. ಕಾರಣ ಹುಡುಕಲು ಹಳೇ ಸಂಗ್ರಹಗಳಲ್ಲಿದ್ದ ಮೊಟ್ಟೆಯ ಚಿಪ್ಪುಗಳನ್ನು ತೂಗಿದರು, ಅಳೆದರು. 1947ರ ಆಸುಪಾಸಿನಿಂದ ಚಿಪ್ಪು ತೆಳ್ಳಗಾಗಿತ್ತು. ಎರಡನೇ ಮಹಾಯುದ್ಧ ಮುಗಿದು ಡಿಡಿಟಿ ಅನ್ನುವ ಕೀಟನಾಶಕ ಎಲ್ಲ ಕಡೆ ಬಳಕೆಗೆ ಬಂದ ಸಮಯ ಅದು. 1967ರಲ್ಲಿ ಇದನ್ನು ಪ್ರಕಟಿಸಿದರು. ಮೊಟ್ಟೆ ಕೂಡಿಸಿಟ್ಟವರು ಸುಮ್ನೆ ಹವ್ಯಾಸಕ್ಕೆ ಕೂಡಿಸಿದ್ದು, ಡಿಡಿಟಿ ಅನ್ನುವ ಮಾತೇ ಅವರಲ್ಲಿ ಎಷ್ಟೋ ಜನರ ಕಿವಿಗೆ ಬಿದ್ದಿರಲಿಲ್ಲ. ಆದರೆ ತಾರೀಕು ಬರೆದಿಟ್ಟಿದ್ದರು. ಅಷ್ಟು ಸಾಕಾಯಿತು.

ಅಮೆರಿಕಾದಲ್ಲಿ ಇಬ್ಬರು ಸಂಶೋಧಕರು 135 ವರ್ಷಗಳ ಅವಧಿಯಲ್ಲಿ ಸಂಗ್ರಹಿಸಿದ 1,300ಕ್ಕೂ ಹೆಚ್ಚು ಹಕ್ಕಿಗಳನ್ನು ಮ್ಯೂಸಿಯಂಗಳ ಡ್ರಾಯರುಗಳಿಂದ ತೆಗೆದು ಫೋಟೋ ತೆಗೆದರು. ಕಾರ್ಖಾನೆಗಳು ಜಾಸ್ತಿ ಇದ್ದ ಪ್ರದೇಶದ ಹಕ್ಕಿಗಳು ಅವು. 1900ರ ಮೊದಲ ದಶಕದ ಹಕ್ಕಿಯ ಬಿಳಿ ಎದೆ ಮಸಿ ಹಿಡಿದು ಕಪ್ಪಗಿದೆ, ಈಚಿನ ವರ್ಷಗಳ ಹಕ್ಕಿಯ ಎದೆ ಬೆಳ್ಳಗಿದೆ. ಆ ಪುಕ್ಕಗಳ ಕಪ್ಪನ್ನು ಅಳೆದು ಯಾವ ಕಾಲದಲ್ಲಿ ಗಾಳಿಯಲ್ಲಿ ಎಷ್ಟು ಕಲ್ಲಿದ್ದಲಿನ ಮಸಿ ಇತ್ತು ಅಂತ ಅಂದಾಜು ಮಾಡಿ 2017ರಲ್ಲಿ ಪ್ರಕಟಿಸಿದರು. ಗಾಳಿ ಅಳೆಯುವ ಉಪಕರಣಗಳು ಬರುವ ಮುಂಚಿನ ಕಾಲದ ಲೆಕ್ಕವೂ ಸಿಕ್ಕಿತು. ಒಣಗಿಸಿಟ್ಟ ಎಲೆಗಳೂ ಇದೇ ಥರ ಮಾತಾಡಿವೆ. ಸಸ್ಯ ವಿಜ್ಞಾನಿ ಇಯಾನ್ ವುಡ್‌ವರ್ಡ್ 1987ರಲ್ಲಿ ತೋರಿಸಿದ ಪ್ರಕಾರ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಹಾಗೆ, ಸುಮಾರು 200 ವರ್ಷಗಳಲ್ಲಿ ಎಲೆ ಮೇಲಿನ ಉಸಿರಾಟದ ರಂಧ್ರಗಳು ಸುಮಾರು 40% ಕಡಿಮೆಯಾಗಿವೆ. ನಿಮ್ಮ ಗ್ಯಾಲರಿಯಲ್ಲಿ ಬಣ್ಣ ಹೋದ ಒಂದು ಎಲೆಯ ಹಾಳೆ ಇದ್ದರೆ ಅದರ ಪಕ್ಕ ಈ ನಾಲ್ಕು ಸಾಲು ಹಾಕಿ ನೋಡಿ. ಯಾರೂ ನಿಲ್ಲದ ಆ ಮೂಲೆಯಲ್ಲಿ ಜನ ನಿಲ್ಲುತ್ತಾರೆ.

ಇನ್ನು ಹೆಸರಿನ ವಿಷಯ. ಲೇಬಲ್ ಮೇಲೆ ಯಾರದಾದರೂ ಹೆಸರು ಇದ್ದರೆ ಅದು ದಾನ ಕೊಟ್ಟವರದು. ಕೊಟ್ಟವರಿಗೆ ಕೃತಜ್ಞತೆ ಹೇಳಬೇಕು, ಅದು ಸರಿ. ಆದರೆ ಮಣ್ಣಿನಿಂದ ತೆಗೆದವರು, ಕಾಡಿನಲ್ಲಿ ಹುಡುಕಿದವರು ಎಲ್ಲಿ? ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲ ದಂಡೆಯಲ್ಲಿ ಮೇರಿ ಆ್ಯನಿಂಗ್ ಅನ್ನುವ ಬಡ ಮನೆಯ ಹೆಣ್ಣುಮಗಳು ಬಂಡೆ ಒಡೆದು ಇಕ್ತಿಯೊಸಾರ್, ಪ್ಲೀಸಿಯೊಸಾರ್ ಅನ್ನುವ ಪ್ರಾಚೀನ ಕಡಲ ಸರೀಸೃಪಗಳ ಪಳೆಯುಳಿಕೆಗಳನ್ನು ಹೊರಗೆ ತೆಗೆದರು. ಅವು ಮ್ಯೂಸಿಯಂ ಸೇರಿದಾಗ ಬಹಳ ಸಲ ಉಳಿದದ್ದು ಕೊಂಡುಕೊಂಡು ದಾನ ಕೊಟ್ಟ ಶ್ರೀಮಂತರ ಹೆಸರು. 1858ರಲ್ಲಿ ಈಗಿನ ಇಂಡೋನೇಷ್ಯಾದ ಬಾಚಾನ್ ದ್ವೀಪದಲ್ಲಿ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಜೊತೆ ಕೆಲಸ ಮಾಡುತ್ತಿದ್ದ ಅಲಿ ಅನ್ನುವ ಯುವಕ ಒಂದು ಸ್ವರ್ಗದ ಹಕ್ಕಿಯನ್ನು (ಬರ್ಡ್ ಆಫ್ ಪ್ಯಾರಡೈಸ್) ಹೊಡೆದು ಸೊಂಟಕ್ಕೆ ಕಟ್ಟಿಕೊಂಡು ಬಂದ. ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದ ಹಕ್ಕಿ. ಅದಕ್ಕೆ ವಾಲೇಸ್ ಹೆಸರು ಬಂತು. ಹಾಗಂತ ವಾಲೇಸ್ ಏನೂ ಬಚ್ಚಿಡಲಿಲ್ಲ, ಅಲಿ ತಂದದ್ದನ್ನು ಅವರೇ ಬರೆದಿದ್ದಾರೆ. ಬರೆದದ್ದು ಇದ್ದರೂ ಗಾಜಿನ ಪೆಟ್ಟಿಗೆಯ ತನಕ ಬಂದು ಮುಟ್ಟುವುದು ಅಪರೂಪ. ನಿಮ್ಮ ರಿಜಿಸ್ಟರಿನಲ್ಲೂ ಇಂಥ ಹೆಸರುಗಳು ಇದ್ದೇ ಇರುತ್ತವೆ. ಬಲೆ ಹಾಕಿದವನು, ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕಿದ ರೈತ, ನೇಯ್ದ ಹೆಂಗಸು. ಒಂದು ಸಾಲು ಅವರಿಗೂ ಕೊಡಿ.

ಇತಿಹಾಸದ ಕೋಣೆಯಲ್ಲಿ ಈ ಪ್ರಶ್ನೆ ಇನ್ನೂ ಗಟ್ಟಿ. ಅಲ್ಲಿನ ವಸ್ತು ಉತ್ಖನನದಲ್ಲಿ ಸಿಕ್ಕಿತೋ, ದುಡ್ಡು ಕೊಟ್ಟು ತಂದದ್ದೋ, ಯಾರೋ ಪ್ರೀತಿಯಿಂದ ಕೊಟ್ಟದ್ದೋ, ಸೋತವರಿಂದ ಕಿತ್ತುಕೊಂಡದ್ದೋ, ಇದು ನೋಡುವವರಿಗೆ ಗೊತ್ತಾಗಲೇಬೇಕು. 1897ರಲ್ಲಿ ಬ್ರಿಟಿಷ್ ಸೇನೆ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರವನ್ನು ಲೂಟಿ ಮಾಡಿ ತಂದ ಕಂಚು, ಹಿತ್ತಾಳೆ, ದಂತದ ಕೆಲಸಗಳು ಎಷ್ಟೆಷ್ಟೋ ಊರಿನ ಮ್ಯೂಸಿಯಂಗಳಿಗೆ ಹಂಚಿಹೋಗಿವೆ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ 2022ರಲ್ಲಿ ಅಂಥ 72 ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಎಲ್ಲವನ್ನೂ ವಾಪಸ್ ಕೊಡಿ ಅಂತ ಈ ಪತ್ರದಲ್ಲಿ ನಾನು ಕೇಳುತ್ತಿಲ್ಲ, ಅದು ಒಂದೊಂದು ವಸ್ತುವಿಗೆ ಒಂದೊಂದು ಥರದ ಚರ್ಚೆ. ಆದರೆ ಹೇಗೆ ಬಂತು ಅಂತ ಮೊದಲು ಬರೆಯದೆ ಆ ಚರ್ಚೆ ಶುರುವಾಗುವುದಾದರೂ ಹೇಗೆ?

ಅದೇ ಹಾರ್ನಿಮನ್‌ನಲ್ಲಿ ಒಂದು ದೊಡ್ಡ ವಾಲ್ರಸ್ ಇದೆ, ಅಂದರೆ ಉದ್ದ ಕೋರೆಹಲ್ಲಿನ, ಹಿಮದ ಸೀಮೆಯ ಕಡಲ ಪ್ರಾಣಿ. ನಿಜವಾದ ವಾಲ್ರಸ್ ಚರ್ಮ ಮಡಿಕೆ ಮಡಿಕೆ ಆಗಿರುತ್ತದೆ. ಇದರ ಮೈ ಮಾತ್ರ ಉಬ್ಬಿಕೊಂಡು ನುಣ್ಣಗಿದೆ. ನೂರು ವರ್ಷಕ್ಕೂ ಹಿಂದೆ ಇದನ್ನು ತುಂಬಿಸಿದಾಗ ಜೀವಂತ ವಾಲ್ರಸ್ ನೋಡಿದವರು ಬಹಳ ಕಡಿಮೆ, ಹಾಗಾಗಿ ಮಡಿಕೆಗಳೇ ಇಲ್ಲದ ಹಾಗೆ ಪೂರ್ತಿ ತುಂಬಿಬಿಟ್ಟರು. ಮ್ಯೂಸಿಯಂ ಇದನ್ನು ಬಚ್ಚಿಡದೆ ತಾನೇ ಹೇಳುತ್ತದೆ. ಅಲ್ಲಿಗೆ ಬರುವವರಿಗೆ ಅಚ್ಚುಮೆಚ್ಚಿನದು ಆ ವಾಲ್ರಸ್ಸೇ. ನಿಮ್ಮ ಹಳೇ ತಪ್ಪುಗಳನ್ನೂ ಹೀಗೇ ಬರೆಯಬಹುದು. ಹುಲಿಯ ಮುಖ ಸೊಟ್ಟಗಿದ್ದರೆ ಯಾಕೆ ಸೊಟ್ಟ ಅಂತ ಹೇಳಿ. ಮೂರ್ತಿಯ ಕೈಗೆ ಆಮೇಲೆ ಸಿಮೆಂಟ್ ಹಾಕಿದ್ದರೆ ಅದನ್ನೂ ಹೇಳಿ. ಜನ ನಗುವುದಿಲ್ಲ, ಹತ್ತಿರ ಬಂದು ನೋಡುತ್ತಾರೆ.

ಈಗ ನನಗೆ ತುಂಬಾ ಬೇಸರ ಆಗುವ ಸಂಗತಿ. ಮೂರು ವಿಭಾಗ ಒಂದೇ ಕಟ್ಟಡದಲ್ಲಿವೆ, ಆದರೆ ಒಂದಕ್ಕೊಂದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗಿವೆ. ಕೆಳಗೆ ಖನಿಜಗಳ ಕೋಣೆಯಲ್ಲಿ ಕಡುಗೆಂಪು ಕಲ್ಲು ಇಟ್ಟು ಇಂಗಲೀಕ ಅಂತ ಬರೆದಿರುತ್ತೀರಿ. ಪಾದರಸ, ಗಂಧಕ ಕೂಡಿದ ಖನಿಜ ಅಂತಲೂ ಇರುತ್ತದೆ. ಮೇಲಿನ ಕೋಣೆಯಲ್ಲಿ ಹಳೇ ಚಿತ್ರಗಳಲ್ಲಿ ಉರಿಯುವ ಕೆಂಪು ಇದೆ. ಎಷ್ಟೋ ಚಿತ್ರಗಳಲ್ಲಿ ಆ ಕೆಂಪು ಇದೇ ಇಂಗಲೀಕವನ್ನು ಅರೆದು ಮಾಡಿದ್ದು! ಹಸಿರು ಮ್ಯಾಲಕೈಟ್ ಕಲ್ಲು ಕೂಡ ಹಾಗೇ, ತಾಮ್ರದ ಆ ಖನಿಜ ಪುಡಿಯಾಗಿ ಎಲೆ, ಸೀರೆ, ಗಿಳಿಗಳ ಬಣ್ಣ ಆಗಿದೆ. ಕಡುನೀಲಿ ಬೇಕು ಅಂದರೆ ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಿಂದ ಬರುತ್ತಿದ್ದ ಲಾಪಿಸ್ ಲಝುಲಿ ಕಲ್ಲನ್ನು ಕುಟ್ಟಬೇಕಿತ್ತು. ಅದು ದುಬಾರಿ, ಅದಕ್ಕೇ ಚಿತ್ರಕಾರ ಅದನ್ನು ಎಲ್ಲೆಂದರಲ್ಲಿ ಬಳಿಯುತ್ತಿರಲಿಲ್ಲ. ಕಲ್ಲಿನ ಪಕ್ಕ ಒಂದು ಚೀಟಿ ಹಾಕಿ, ಇದರ ಬಣ್ಣ ಮೇಲಿನ ಮಹಡಿಯಲ್ಲಿ ಇಂಥ ಚಿತ್ರದಲ್ಲಿದೆ ಅಂತ. ಚಿತ್ರದ ಪಕ್ಕವೂ ಒಂದು ಹಾಕಿ, ಈ ಕೆಂಪಿನ ಕಲ್ಲು ಕೆಳಗಿದೆ ಅಂತ. ಮೆಟ್ಟಿಲು ಇಳಿದು ಹೋಗಿ ನೋಡಿ ಬರುವ ಮಕ್ಕಳನ್ನು ನೀವೇ ನೋಡುತ್ತೀರಿ. ಆನೆಯ ತಲೆಬುರುಡೆ ಒಂದು ಕಡೆ, ದಂತದ ಕೆತ್ತನೆ ಇನ್ನೊಂದು ಕಡೆ. ನದಿಯ ಮೀನುಗಳು ಒಂದು ಕಡೆ, ಅದೇ ನದಿಯ ದೋಣಿ ಮತ್ತು ಗಾಳ ಇನ್ನೊಂದು ಕಡೆ. ಒಬ್ಬರು ಪಟ್ಟು ಹಿಡಿದು ಕೂತರೆ ಒಂದು ವಾರದಲ್ಲಿ ಇಂಥ ಹತ್ತಾರು ಕೊಂಡಿ ಸಿಗುತ್ತವೆ. ಇದು ಪ್ರಾದೇಶಿಕ ಮ್ಯೂಸಿಯಂ ಮಾತ್ರ ಮಾಡಬಹುದಾದ ಕೆಲಸ.

ಲೇಬಲ್ ಬರೆದರೆ ಸಾಲದು, ಓದುವ ಹಾಗೆಯೂ ಇರಬೇಕು. ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ಒಂದು ಕೆಲಸ ಮಾಡಿದರು. ಕಣ್ಣು, ಮೈ ಎಲ್ಲ ಗಟ್ಟಿ ಇರುವ ಒಬ್ಬನನ್ನು ಕರೆತಂದು, ಪೆಟ್ಟಿಗೆಯಲ್ಲಿರುವ ವಸ್ತುಗಳ ಬಗ್ಗೆ ಪ್ರಶ್ನೆ ಕೊಟ್ಟು, ಉತ್ತರ ಹುಡುಕುವಾಗ ಅವನು ಹೇಗೆಲ್ಲ ಬಗ್ಗುತ್ತಾನೆ, ಕೂರುತ್ತಾನೆ, ಕತ್ತು ತಿರುಚುತ್ತಾನೆ ಅಂತ ಫೋಟೋ ತೆಗೆಸಿದರು. ಮ್ಯೂಸಿಯಂನಲ್ಲಿ ಆಗುವ ಸುಸ್ತು ನೋಡುವವರ ಸೋಮಾರಿತನದಿಂದಲ್ಲ, ಪೆಟ್ಟಿಗೆ ಮತ್ತು ಲೇಬಲ್ ಇಟ್ಟ ರೀತಿಯಿಂದ ಅಂತ ತೋರಿಸಿದರು. ನೂರು ವರ್ಷ ದಾಟಿದೆ. ಇವತ್ತಿಗೂ ಮೊಣಕಾಲ ಎತ್ತರದಲ್ಲಿ ಲೇಬಲ್ ಇದೆ, ಅದರ ಮೇಲೆ ನನ್ನದೇ ನೆರಳು ಬೀಳುತ್ತದೆ, ಅಕ್ಷರ ಚಿಕ್ಕದು. ವಯಸ್ಸಾದವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಎಷ್ಟು ಕಷ್ಟ ಅಂತ ಒಂದು ದಿನ ಅವರ ಜೊತೆಗೇ ಸುತ್ತಿ ನೋಡಿ.

ನಿಮ್ಮ ಕೆಲವು ನಿಯಮಗಳಿಗೆ ಒಳ್ಳೇ ಕಾರಣ ಇದೆ, ಅದನ್ನೂ ಹೇಳುವುದಿಲ್ಲ ನೀವು. ಚಿತ್ರಗಳ ಕೋಣೆ ಯಾಕೆ ಇಷ್ಟು ಕತ್ತಲು ಅಂತ ಜನ ಗೊಣಗುತ್ತಾರೆ. ಕಾಗದ, ಬಟ್ಟೆ, ಜಲವರ್ಣ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು. ಬೆಳಕಿನಿಂದ ಹೋದ ಬಣ್ಣ ವಾಪಸ್ ಬರುವುದಿಲ್ಲ, ಬಿದ್ದಷ್ಟೂ ಹಾನಿ ಕೂಡುತ್ತಲೇ ಹೋಗುತ್ತದೆ. ಇಂಗಲೀಕದ ಕೆಂಪು ಕೂಡ ಬೆಳಕಿಗೆ ಕಪ್ಪಾಗುವುದುಂಟು. ಇದನ್ನು ಬಾಗಿಲಲ್ಲೇ ಬರೆದರೆ ಗೊಣಗುವವರು ಅರೆ ನಿಮಿಷ ನಿಂತು ಕಣ್ಣು ಹೊಂದಿಸಿಕೊಂಡು ಒಳಗೆ ಬರುತ್ತಾರೆ. ತುಂಬಿಸಿದ ಪ್ರಾಣಿಗಳ ಮುಂದೆ "ಮುಟ್ಟಬೇಡಿ" ಬೋರ್ಡ್ ಇರುತ್ತದೆ. ಹುಳ ತಿನ್ನದಿರಲಿ ಅಂತ ಹಿಂದಿನ ಕಾಲದಲ್ಲಿ ಚರ್ಮಕ್ಕೆ ಆರ್ಸೆನಿಕ್ ಹಚ್ಚುತ್ತಿದ್ದರು, ಅದು ವಿಷ, ಇವತ್ತಿಗೂ ಆ ಚರ್ಮಗಳಲ್ಲಿ ಇರಬಹುದು. ಮುಟ್ಟದಿರುವುದು ಪ್ರಾಣಿಯ ಒಳ್ಳೆಯದಕ್ಕೂ ಹೌದು, ಮಗುವಿನ ಒಳ್ಳೆಯದಕ್ಕೂ ಹೌದು. ಹೀಗೆ ಹೇಳಿದರೆ ಯಾವ ತಾಯಿ ಮಗುವನ್ನು ಹತ್ತಿರ ಬಿಡುತ್ತಾಳೆ?

ಫೋಟೋ ತೆಗೆಯಬೇಡಿ ಅನ್ನುವ ನಿಯಮಕ್ಕೆ ಮಾತ್ರ ನನಗೆ ಒಪ್ಪುವಂಥ ಕಾರಣ ಹೆಚ್ಚಿನ ಕಡೆ ಕಂಡಿಲ್ಲ. ಫ್ಲ್ಯಾಶ್ ಬೇಡ, ಸರಿ. ಬೇರೆಯವರಿಂದ ತಂದಿಟ್ಟ ಚಿತ್ರಗಳಿಗೆ ಹಕ್ಕಿನ ತಕರಾರು ಇರಬಹುದು, ಅದೂ ಸರಿ. ಉಳಿದದ್ದಕ್ಕೆ? ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ರಾಷ್ಟ್ರೀಯ ಮ್ಯೂಸಿಯಂ 1818ರಲ್ಲಿ ಶುರುವಾದದ್ದು, ಅಲ್ಲಿ ಸುಮಾರು 2 ಕೋಟಿ ವಸ್ತುಗಳು ಇದ್ದವು. 200 ವರ್ಷ ತುಂಬಿದ ವರ್ಷವೇ, 2018ರ ಸೆಪ್ಟೆಂಬರ್ 2ರ ರಾತ್ರಿ, ಬೆಂಕಿ ಬಿದ್ದು ಹೆಚ್ಚಿನದೆಲ್ಲ ಸುಟ್ಟುಹೋಯಿತು. ಆಗ ಮ್ಯೂಸಿಯಂ ವಿಷಯ ಓದುತ್ತಿದ್ದ ಅಲ್ಲಿನ ವಿದ್ಯಾರ್ಥಿಗಳು ಜನರ ಹತ್ತಿರ ಬೇಡಿಕೊಂಡದ್ದು ಏನು ಗೊತ್ತಾ? ನೀವು ಭೇಟಿ ಕೊಟ್ಟಾಗ ತೆಗೆದ ಫೋಟೋ, ವಿಡಿಯೋ ಇದ್ದರೆ ಕಳಿಸಿ ಅಂತ. ಜನ ಕಳಿಸಿದರು. ಎಷ್ಟೋ ವಸ್ತುಗಳು ಈಗ ಹಾಗೆ ಯಾರದೋ ಫೋಟೋದಲ್ಲಿ ಮಾತ್ರ ಇವೆ.

ನನಗೆ ಗೊತ್ತು, ನಿಮ್ಮಲ್ಲಿ ಜನ ಕಡಿಮೆ, ದುಡ್ಡು ಕಡಿಮೆ, ಸೋರುವ ಮಾಳಿಗೆ ಮೊದಲು ರಿಪೇರಿ ಆಗಬೇಕು. ದುಡ್ಡು ಮಂಜೂರು ಮಾಡುವವರಿಗೆ ಅದಕ್ಕೇ ಬೇರೆಯಾಗಿ ಒಂದು ಮಾತು. ದಯವಿಟ್ಟು ಇದೆಲ್ಲ ಕೇಳಿ ಟಚ್ ಸ್ಕ್ರೀನ್ ತರಿಸಬೇಡಿ. ಕೆಟ್ಟು ಕೂತ ಸ್ಕ್ರೀನ್‌ಗಳನ್ನು ನೋಡಿ ನೋಡಿ ಸಾಕಾಗಿದೆ. ದಪ್ಪ ಕಾಗದ, ದೊಡ್ಡ ಅಕ್ಷರ, ಸರಿಯಾದ ಎತ್ತರ, ಇಷ್ಟಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ. ದುಡ್ಡು ಹಾಕುವುದಾದರೆ ರಿಜಿಸ್ಟರ್ ಓದಿ ಅರ್ಥ ಮಾಡಿಕೊಳ್ಳಬಲ್ಲ ಒಬ್ಬರ ಕಾಯಂ ಹುದ್ದೆಗೆ ಹಾಕಿ. ಖಾಲಿ ಬಿದ್ದ ಹುದ್ದೆ ತುಂಬಿಸದೆ ಹೊಸ ಕಟ್ಟಡ ಉದ್ಘಾಟನೆ ಮಾಡಿದರೆ ಒಳಗಿರುವ ವಸ್ತುವಿಗೆ ಏನೂ ಉಪಯೋಗ ಇಲ್ಲ.

ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವ ಸಿಬ್ಬಂದಿಯನ್ನೂ ಮರೆಯಬೇಡಿ. ನಾನು ಕೇಳಿದ ಒಳ್ಳೇ ಕಥೆಗಳಲ್ಲಿ ಜಾಸ್ತಿ ಅವರ ಬಾಯಿಂದಲೇ ಬಂದದ್ದು. ಯಾವ ಪೆಟ್ಟಿಗೆ ಮುಂದೆ ಮಕ್ಕಳು ನಿಲ್ಲುತ್ತಾರೆ, ಯಾವ ಪ್ರಶ್ನೆ ದಿನಾ ಕೇಳುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಲೇಬಲ್ ಬರೆಯುವ ಮುಂಚೆ ಅವರನ್ನು ಕೂರಿಸಿಕೊಂಡು ಕೇಳಿ.

ಒಮ್ಮೆಲೇ ಎಲ್ಲವನ್ನೂ ಮಾಡಿ ಅನ್ನುತ್ತಿಲ್ಲ. ಒಂದು ಕಪಾಟು ಆರಿಸಿಕೊಳ್ಳಿ. ಅದರಲ್ಲಿರುವ ವಸ್ತುಗಳ ಹಳೇ ಚೀಟಿ, ರಿಜಿಸ್ಟರ್, ಪತ್ರಗಳನ್ನು ತೆಗೆದು ನೋಡಿ, ಗೊತ್ತಿರುವುದನ್ನು ಬರೆಯಿರಿ. ಗೊತ್ತಿಲ್ಲದ ಕಡೆ "ಇದು ಎಲ್ಲಿಂದ ಬಂತು ಅಂತ ನಮಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ಹೇಳಿ" ಅಂತ ಬರೆದು ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ. ಅದೇ ಸೀಮೆಯವರು ನೋಡಲು ಬರುತ್ತಾರೆ, ಯಾರದೋ ಅಜ್ಜಿಗೆ ಆ ಬುಟ್ಟಿ ಹೆಣೆಯುವುದು ಗೊತ್ತಿರುತ್ತದೆ, ಯಾರಿಗೋ ಆ ಹಳೇ ಫೋಟೋದಲ್ಲಿರುವ ಬೀದಿಯ ಗುರುತು ಸಿಗುತ್ತದೆ.

ಕೈ ಸಾಲದಿದ್ದರೆ ನಮ್ಮನ್ನು ಕರೆಯಿರಿ. ಆಸ್ಟ್ರೇಲಿಯನ್ ಮ್ಯೂಸಿಯಂ 2011ರಿಂದ ಡಿಜಿವಾಲ್ ಅನ್ನುವ ವ್ಯವಸ್ಥೆ ನಡೆಸುತ್ತಿದೆ. ಹಳೇ ಲೇಬಲ್, ನೋಟ್‌ಬುಕ್‌ಗಳ ಫೋಟೋ ತೆಗೆದು ಹಾಕುತ್ತಾರೆ, ಸಾಮಾನ್ಯ ಜನ ತಮ್ಮ ಮನೆಯಲ್ಲೇ ಕೂತು ಓದಿ ಟೈಪ್ ಮಾಡುತ್ತಾರೆ, ಆಮೇಲೆ ಇನ್ನೊಬ್ಬರು ತಾಳೆ ನೋಡುತ್ತಾರೆ. ಇದನ್ನು ಯಾವ ಊರಿನ ಮ್ಯೂಸಿಯಂ ಬೇಕಾದರೂ ಚಿಕ್ಕದಾಗಿ ಶುರು ಮಾಡಬಹುದು. ರಿಜಿಸ್ಟರಿನ ಹಾಳೆಗಳನ್ನು ಫೋನ್‌ನಲ್ಲೇ ಫೋಟೋ ತೆಗೆದು ಹಂಚಿಕೊಳ್ಳಿ. ಹಳೇ ಕೈಬರಹ ಓದಬಲ್ಲ ನಿವೃತ್ತ ಮೇಷ್ಟ್ರುಗಳಿದ್ದಾರೆ, ಕಾಲೇಜು ಹುಡುಗ ಹುಡುಗಿಯರಿದ್ದಾರೆ, ಸಂಜೆ ಹೊತ್ತು ಕೂತು ಟೈಪ್ ಮಾಡಲು ನಾನೂ ಇದ್ದೇನೆ. ಯಾವ ಕಪಾಟಿನಿಂದ ಶುರು ಮಾಡುತ್ತೀರಿ ಅಂತ ತಿಳಿಸಿ.

ಇಂತಿ,
ನಿಮ್ಮ ಮ್ಯೂಸಿಯಂಗೆ ಮತ್ತೆ ಬರುವ ಒಬ್ಬ ನೋಡುಗ